ಹಿತ್ತಲು ನೋಡದೆ ಕೊಟ್ಟ ನಾಯಿ

ಚನ್ನಮ್ಮನ ಹತ್ತಿರ ನಾಯಿಮರಿ ಕೇಳುವುದೂ ಒಂದೇ, ಹೆಣ್ಣು ಕೇಳುವುದೂ ಒಂದೇ ಎಂದು ಓಝರಿನ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ಎಲ್ಲರೂ ನಗುತ್ತಿದ್ದರು. ನಗಲಿ ಬಿಡಿ. ಹೆಣ್ಣು ಕೇಳಲು ಬಂದವರನ್ನಾದರೂ ಕೂರಿಸಿ ಚಹಾ ಕೊಡುತ್ತಾರೆ. ಚನ್ನಮ್ಮ ಬಾಗಿಲಲ್ಲೇ ನಿಲ್ಲಿಸಿ ಶುರುಮಾಡುತ್ತಿದ್ದಳು. ಹಗಲು ಮನೆಯಲ್ಲಿ ಯಾರಿರುತ್ತೀರಿ? ಸರಪಳಿ ಹಾಕುತ್ತೀರೋ, ಓಡಲು ಬಿಡುತ್ತೀರೋ? ಹಿಂದೆ ಸಾಕಿದ ನಾಯಿ ಹೇಗೆ ಸತ್ತಿತು? ಆ ಕೊನೆಯ ಪ್ರಶ್ನೆಗೆ ತಡವರಿಸಿದವರು ಬಂದ ದಾರಿ ಹಿಡಿಯಬೇಕಿತ್ತು, ಅವರು ಕಾರ್ಖಾನೆಯ ದೊಡ್ಡ ಸಾಹೇಬರೇ ಆಗಿರಲಿ.

ಅವಳ ಗಂಡ ವಿಶ್ವನಾಥಪ್ಪ ಆ ಕಾರ್ಖಾನೆಯಲ್ಲಿ ಫಿಟ್ಟರ್. ಅರವತ್ತಾರರಲ್ಲಿ ಮುಧೋಳದ ಹತ್ತಿರದ ಲೋಕಾಪುರದಿಂದ ಗಂಡ ಹೆಂಡತಿ ಇಲ್ಲಿಗೆ ಬಂದಾಗ ಗಂಡನ ತಲೆಯ ಮೇಲೆ ಟ್ರಂಕು, ಹೆಂಡತಿಯ ಮಡಿಲಲ್ಲಿ ಗಂಗಿ ಎಂಬ ಹೆಣ್ಣುಮರಿ. ತವರಿನ ಬೇಟೆನಾಯಿಗಳ ಸಂತಾನ ಅದು: ಉದ್ದ ಮೂತಿ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ಸಪೂರ ಕಾಲು. ಚನ್ನಮ್ಮನ ಅಪ್ಪ ಜೀವಮಾನದಲ್ಲಿ ಒಂದು ಮರಿಯನ್ನೂ ಮಾರಿದವನಲ್ಲ, ಕೊಟ್ಟವನು. ಹೆಣ್ಣುನಾಯಿಗೆ ಎರಡು ವರ್ಷ ತುಂಬುವ ತನಕ ಗಂಡು ಕೂಡಿಸುತ್ತಿರಲಿಲ್ಲ. ಒಮ್ಮೆ ಮರಿ ಹಾಕಿದರೆ ಮುಂದಿನ ಬೆದೆ ಖಾಲಿ ಬಿಡುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಮರಿ ಒಯ್ಯುವವನ ಮನೆಗೆ ತಾನೇ ಹೋಗಿ, ಪಡಸಾಲೆಯಲ್ಲಿ ಕೂರದೆ ನೇರ ಹಿತ್ತಲಿಗೆ ನಡೆದು ಅಲ್ಲಿ ಕಟ್ಟಿದ ದನ, ಆಡು, ಕೋಳಿಗಳನ್ನು ನೋಡಿ ಬರುತ್ತಿದ್ದ. "ಮುಂದಿನ ಬಾಗಲಾ ಊರಿಗೆ ತೋರಸಾಕ. ಹಿತ್ತಲಾ ಖರೇ ಮಾತಾಡತೈತಿ" ಎನ್ನುತ್ತಿದ್ದ.

ಚನ್ನಮ್ಮ ಆ ಕಟ್ಟಳೆಯನ್ನು ಇಲ್ಲಿಗೂ ತಂದಳು. ನಿಫಾಡದ ದ್ರಾಕ್ಷಿ ತೋಟದವರ ಹಿತ್ತಲನ್ನೂ ನೋಡಿದಳು, ನಾಶಿಕದ ವಕೀಲರ ಹಿತ್ತಲನ್ನೂ ನೋಡಿದಳು. ಗಂಡನಿಗೆ ನಾಚಿಕೆಯಾಗುತ್ತಿತ್ತು. "ಮಂದಿ ಏನ ಅಂತಾರ?" ಎಂದರೆ, "ಮಂದಿ ಅಂದದ್ದು ನನಗ ಹತ್ತೂದಿಲ್ರಿ. ನಾಯಿಗೆ ಬಾಯಿಲ್ಲ, ನನಗರ ಐತಲ್ಲ" ಎನ್ನುತ್ತಿದ್ದಳು. ಬಾಯಿ ಇತ್ತು, ಬೇಕಾದಷ್ಟು ಇತ್ತು.

ಎಪ್ಪತ್ತೊಂದರಲ್ಲಿ ಗಂಗಿ ಕೊನೆಯ ಸಲ ಮರಿ ಹಾಕಿತು. ಎರಡು ಗಂಡು, ಒಂದು ಹೆಣ್ಣು. ಇನ್ನು ಈ ನಾಯಿಗೆ ಮರಿಯಾದರೆ ಜೀವಕ್ಕೇ ಅಪಾಯ ಎಂದು ದನದ ಡಾಕ್ಟರು ಹೇಳಿಬಿಟ್ಟರು. ಅಷ್ಟರಲ್ಲಿ ಅಪ್ಪ ತೀರಿಹೋಗಿದ್ದ. ಅಣ್ಣಂದಿರಿಗೆ ನಾಯಿಯ ಖಯಾಲಿಯಿಲ್ಲ, ತವರಿನ ನಾಯಿಗಳು ದಿಕ್ಕಾಪಾಲಾಗಿದ್ದವು. ಗಂಗಿಯ ಹಿಂದಿನ ಸೂಲಿನಲ್ಲಿ ಬದುಕಿದವೆಲ್ಲ ಗಂಡುಮರಿಗಳೇ. ಹೀಗಾಗಿ ಆ ತಳಿಗೆ ಉಳಿದದ್ದು ಈ ಒಂದೇ ಹೆಣ್ಣುಮರಿ. ಚಿಗರಿಯ ಹಾಗೆ ನೆಗೆಯುತ್ತಿತ್ತೆಂದು ಚಿಗರಿ ಎಂದೇ ಹೆಸರಿಟ್ಟಳು. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಎರಡು ಬೇಟೆನಾಯಿಗೆ ಕಾಲು ಚಾಚಲೂ ಜಾಗವಿರಲಿಲ್ಲ. ಯಾರಾದರೂ ನಂಬಿಕಸ್ಥರ ಮನೆಯಲ್ಲಿ ಬೆಳೆಸಿ, ಎರಡು ವರ್ಷ ತುಂಬಿದ ಮೇಲೆ ತಾನೇ ಒಳ್ಳೆಯ ಗಂಡು ಹುಡುಕಿ ಒಂದು ಸಲ ಮರಿ ಮಾಡಿಸಬೇಕು, ಅಪ್ಪನ ನಾಯಿ ಭೂಮಿಯ ಮೇಲೆ ಉಳಿಯಬೇಕು. ಚನ್ನಮ್ಮನಿಗೆ ಇದ್ದ ಆಸೆ ಅದೊಂದೇ.

ಘೋಟಿಯ ಹೆದ್ದಾರಿಯಲ್ಲಿ ಉಡುಪಿ ಕಡೆಯ ಜಯಕರನ ಹೋಟೆಲು. ಮುಂಬಯಿ–ನಾಶಿಕದ ಕಾರುಗಳೆಲ್ಲ ಅಲ್ಲಿ ಇಡ್ಲಿಗೆ ನಿಲ್ಲುತ್ತಿದ್ದವು. ಹೋಟೆಲಿನ ಹಿಂದೆ ಎರಡೆಕರೆ ಬಯಲು. ಹಿತ್ತಲು ನೋಡಲೆಂದೇ ಚನ್ನಮ್ಮ ಹೋದಳು. ಆದರೆ ಜಯಕರನ ಹೆಂಡತಿ ವಾರಿಜಾಕ್ಷಿ ಬಾಗಿಲಿಗೇ ಬಂದು, "ಅಯ್ಯೋ, ಬನ್ನಿ ಅಕ್ಕಾ! ಕನ್ನಡದವರು ಬರದೆ ಎಷ್ಟು ದಿನ ಆಯ್ತು!" ಎಂದು ಕೈಹಿಡಿದು ಕೂರಿಸಿಬಿಟ್ಟಳು. ಕುಂಕುಮ, ಕಾಫಿ, ಮಲ್ಲಿಗೆ. ಮರಾಠಿ ನಾಡಿನಲ್ಲಿ ಐದು ವರ್ಷ ಒಗ್ಗದ ನಾಲಿಗೆಯಲ್ಲಿ ತಡವರಿಸಿದ್ದ ಚನ್ನಮ್ಮನಿಗೆ ಕನ್ನಡ ಕೇಳಿಯೇ ಕಣ್ಣು ತುಂಬಿತು. ಎದ್ದು ಹಿತ್ತಲಿಗೆ ಹೋಗಬೇಕು ಎಂದುಕೊಂಡಳು, ಹೋಗಲಿಲ್ಲ. ನಮ್ಮವರ ಮನೆಯಲ್ಲಿ ಕಾಫಿ ಕುಡಿದು, ಪೊಲೀಸರು ಕಳ್ಳರ ಮನೆ ಶೋಧಿಸಿದ ಹಾಗೆ ಹಿತ್ತಲು ಇಣುಕುವುದೆ? ಪರರ ಹಿತ್ತಲುಗಳನ್ನೆಲ್ಲ ನೋಡಿದವಳು ನಮ್ಮವರದನ್ನು ನೋಡದೆ ಚಿಗರಿಯನ್ನು ಒಪ್ಪಿಸಿ, ತಾನು ಹೇಳುವ ತನಕ ಗಂಡು ಕೂಡಿಸಬೇಡಿ ಎಂದಷ್ಟೇ ಹೇಳಿ ಬಂದಳು. ಮಾಡಿದ ತಪ್ಪು ಅದೊಂದೇ, ಆದರೆ ಎಂಥ ತಪ್ಪು!

ಮೊದಲ ವರ್ಷ ಎರಡು ಸಲ ಹೋಗಿ ಬಂದಳು. ಎರಡು ಸಲವೂ ಚಿಗರಿಯನ್ನು ಮೀಯಿಸಿ ಮುಂದಿನ ಜಗಲಿಗೆ ತಂದಿದ್ದರು. ಆಮೇಲೆ ಊರಿಂದ ಬಂದಿದ್ದ ಅತ್ತೆ ಹಾಸಿಗೆ ಹಿಡಿದರು, ಎರಡು ವರ್ಷ ಚನ್ನಮ್ಮ ಹೊಸ್ತಿಲು ದಾಟುವುದೇ ಕಷ್ಟವಾಯಿತು. ಜಯಕರನ ಕಾರ್ಡು ಮಾತ್ರ ತಪ್ಪದೆ ಬರುತ್ತಿತ್ತು: ಚಿಗರಿ ಕ್ಷೇಮ, ಇನ್ನೂ ಬೆದೆಗೆ ಬಂದಿಲ್ಲ.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ, ಅತ್ತೆಯ ತಿಥಿ ಮುಗಿದ ವಾರ, ಒಬ್ಬ ಎಸ್‌.ಟಿ. ಬಸ್ಸಿನ ಡ್ರೈವರು ಬಾಗಿಲಿಗೆ ಬಂದ. ದೇವದಾಸ ಎಂದು ಹೆಸರು, ಔರಂಗಾಬಾದ್ ಜಿಲ್ಲೆಯ ವೈಜಾಪುರದವನು. ಬಗಲಲ್ಲಿ ಚೀಲ, ಚೀಲದೊಳಗೆ ಒಂದು ಮರಿ. ಕಣ್ಣಿಗೆ ಪಿಸುರು ಕಟ್ಟಿತ್ತು, ದವಡೆ ತಾನಾಗಿಯೇ ಅದುರುತ್ತಿತ್ತು.

"ಬಾಯೀ, ಇದು ನಿಮ್ಮ ಮನೆಯ ತಳಿಯಂತೆ" ಎಂದು ಅವನು ಮರಾಠಿಯಲ್ಲಿ ಹೇಳಿದ. "ಘೋಟಿಯ ಹೋಟೆಲಿನಲ್ಲಿ ಕೊಂಡೆ. ಓಝರಿನ ಚನ್ನಮ್ಮನ ನಾಯಿ, ಕಣ್ಣು ಮುಚ್ಚಿ ಒಯ್ಯಿ ಅಂದರು. ನನ್ನ ಮಗಳು ಮೂರು ದಿನದಿಂದ ಊಟ ಬಿಟ್ಟಿದ್ದಾಳೆ. ಏನಾದರೂ ಮಾಡಿ."

ಚನ್ನಮ್ಮ ಮರಿಯನ್ನು ಚೀಲದಿಂದ ಎತ್ತಿಕೊಂಡಳು. ಬಾಯಿ ತೆರೆದು ಹಲ್ಲು ನೋಡಿದಳು. ಕೊಂಡಾಗ ಮರಿಗೆ ತಿಂಗಳೂ ತುಂಬಿರಲಿಕ್ಕಿಲ್ಲ. ಇದು ಡಿಸ್ಟೆಂಪರ್, ಮರಿಗಳಿಗೆ ಅಂಟುವ ರೋಗ, ಹೊತ್ತು ಮೀರಿದೆ ಎಂದು ದನದ ಡಾಕ್ಟರು ಮುಟ್ಟುವ ಮೊದಲೇ ಹೇಳಿದರು. ಸಂಜೆಯೊಳಗೆ ಅದು ಸತ್ತಿತು. ದೇವದಾಸ ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. "ನಿಮ್ಮ ಹೆಸರು ಕೇಳಿ ಕೊಂಡೆ ಬಾಯೀ" ಎಂದಷ್ಟೇ ಹೇಳಿ ಚೀಲ ಮಡಚಿಕೊಂಡು ಹೋದ.

ಮರುದಿನ ಬೆಳಿಗ್ಗೆ ಚನ್ನಮ್ಮ ಘೋಟಿಯಲ್ಲಿ ಬಸ್ಸಿಳಿದಳು. "ಬನ್ನಿ ಅಕ್ಕಾ, ಕಾಫಿ..." ಎಂದ ವಾರಿಜಾಕ್ಷಿಯನ್ನು ಸರಿಸಿ, ಅಡಿಗೆಮನೆಯನ್ನು ಹಾಯ್ದು ನೇರ ಹಿತ್ತಲಿಗೆ ನಡೆದಳು. ಮೂರು ವರ್ಷ ತಡವಾಗಿ.

ಸೌದೆ ಒಟ್ಟಿಲಿನ ಹಿಂದೆ ಚಿಗರಿ ಕಟ್ಟಿಹಾಕಿಸಿಕೊಂಡು ಬಿದ್ದಿತ್ತು. ಎರಡೆಕರೆ ಬಯಲಿದ್ದೂ ಮೂರು ಮೊಳದ ಹಗ್ಗ. ಪಕ್ಕೆಲುಬು ಎಣಿಸಬಹುದಾಗಿತ್ತು, ಮೊಲೆಗಳು ಜೋತು ನೆಲ ಸವರುತ್ತಿದ್ದವು. ಸಾರಿನ ಅನ್ನ ಒಣಗಿದ ತಟ್ಟೆ. ಪಕ್ಕದ ಹಣ್ಣಿನ ಡಬ್ಬದಲ್ಲಿ ಎರಡು ಮರಿಗಳು ಕೆಮ್ಮುತ್ತಿದ್ದವು. ಚನ್ನಮ್ಮನ ದನಿ ಕೇಳಿ ಚಿಗರಿ ಏಳಲು ಹೋಯಿತು, ಹಿಂಗಾಲು ಏಳಲಿಲ್ಲ, ಬಾಲ ಮಾತ್ರ ಬಡಿಯಿತು.

"ಎಷ್ಟ ಸಲಾ ಮರಿ ಹಾಕಿಸಿದ್ರಿ?" ಚನ್ನಮ್ಮ ಕೇಳಿದಳು.

ಜಯಕರ ಹೆಗಲ ಟವೆಲಿನಿಂದ ಕೈ ಒರೆಸಿಕೊಂಡ. "ನಾಲ್ಕು ಸಲ ಆಗಿರಬಹುದು. ನಾಯಿ ಅಲ್ವಾ ಮಾರಾಯ್ರೆ, ಅದು ಬೆದೆಗೆ ಬಂದರೆ ನಾನೆಂತ ಮಾಡುವುದು?"

"ಗಂಡು ಯಾವದು?"

"ಅದೆಲ್ಲ ಯಾರಿಗೆ ಗೊತ್ತು! ಬೀದಿಯಲ್ಲಿ ಬೇಕಾದಷ್ಟು ಉಂಟು. ಕಾರಿನವರಿಗೆ ತಾಯಿಯನ್ನು ತೋರಿಸಿ ನಿಮ್ಮ ಹೆಸರು ಹೇಳಿದರೆ ಸಾಕು."

"ನಿನ್ನ ನಾಲಗಿಗೆ ಹುಳಾ ಬೀಳಲಿ! ಕಾರ್ಡಿನ್ಯಾಗ ಬೆದಿಗೇ ಬಂದಿಲ್ಲಂತ ಬರದಿ, ಇಲ್ಲಿ ನೋಡಿದ್ರ ಇದರ ರಕ್ತಾ ಹಿಂಡಿ ಮಾರಾಕತ್ತಿ! ನನ್ನ ನಾಯಿ ನನಗ ಕೊಡು!"

"ಕೊಟ್ಟ ನಾಯಿಯನ್ನು ವಾಪಸು ಕೇಳುವುದು ಯಾವ ಊರಿನ ಕ್ರಮ ಅಮ್ಮಾ?" ಜಯಕರ ದನಿ ಏರಿಸಲಿಲ್ಲ. "ಮೂರು ವರ್ಷ ಅನ್ನ ಹಾಕಿದ್ದು ನಾನು. ಕೊಡುವುದಿಲ್ಲ."

ಅಷ್ಟರಲ್ಲಿ ಮುಂಬಯಿಯ ಒಂದು ಕಾರು ನಿಂತಿತು. ಗಂಡ ಹೆಂಡತಿ ಇಡ್ಲಿ ತಿಂದು, ಮರಿ ನೋಡಲು ಹಿತ್ತಲಿಗೇ ಬಂದರು. ಚನ್ನಮ್ಮ ಅಡ್ಡ ನಿಂತಳು. ತನಗೆ ಬಂದಷ್ಟು ಹಿಂದಿಯಲ್ಲಿ, ಒಯ್ಯಬೇಡಿ, ರೋಗ ಇದೆ, ಅಪ್ಪ ಯಾರೆಂದು ಗೊತ್ತಿಲ್ಲ, ಚನ್ನಮ್ಮ ನಾನೇ, ಈ ತಾಯಿ ನನ್ನ ಮನೆಯಲ್ಲಿ ಹುಟ್ಟಿದ್ದು, ಅದಕ್ಕೇ ಹೇಳುತ್ತಿದ್ದೇನೆ ಎಂದಳು.

ಹೆಂಗಸಿನ ಮುಖ ಅರಳಿತು. "ಕೇಳಿದಿರಾ? ಚನ್ನಮ್ಮ ಇವರೇ ಅಂತೆ! ಹಾಗಾದರೆ ಅಸಲಿ ತಳಿಯೇ!" ಎಂದು ಗಂಡನ ತೋಳು ಹಿಡಿದಳು. ಪಾಪ, ಈಯಮ್ಮನಿಗೆ ಮರಿ ಬಿಟ್ಟುಕೊಡಲು ಮನಸ್ಸಿಲ್ಲ ಎಂದು ಅವನು ನಕ್ಕ. ಕೆಮ್ಮುತ್ತಿದ್ದ ಮರಿಯೊಂದು ಶಾಲಿನಲ್ಲಿ ಸುತ್ತಿಸಿಕೊಂಡು ಕಾರು ಹತ್ತಿತು.

ಕಾರು ಕಣ್ಮರೆಯಾಗುವ ತನಕ ಚನ್ನಮ್ಮ ನೋಡಿದಳು. ಇಷ್ಟು ವರ್ಷ ಹಿತ್ತಲು ಹಿತ್ತಲು ತಿರುಗಿ, ಮಂದಿಯ ಕೈಲಿ ಬೈಸಿಕೊಂಡು ಕಟ್ಟಿದ ಹೆಸರು. ಅದೇ ಹೆಸರು ಈ ಹಗ್ಗಕ್ಕೆ ಗಂಟು ಹಾಕಿದೆ. ತಾನು ನಿಜ ಹೇಳಿದಷ್ಟೂ ಮರಿ ಮಾರಾಟವಾಗುತ್ತದೆ. ಚಿಗರಿ ಗಂಗಿಯ ಮಗಳಾಗಿರುವ ತನಕ ಜಯಕರ ಅದನ್ನು ಬಿಡುವುದಿಲ್ಲ, ಸಾಯುವ ತನಕ ಬಸಿರು ಮಾಡಿಸುತ್ತಾನೆ.

ಹೋಟೆಲಿನ ಮುಂದಿನ ಬೆಂಚಿನಲ್ಲಿ ಹೋಗಿ ಕೂತಳು. ಚಿಗರಿಯನ್ನು ಅವರು ಎಬ್ಬಿಸಿ, ಗಿರಾಕಿಗಳಿಗೆ ಕಾಣಲೆಂದು ಜಗಲಿಗೆ ತಂದು ಕಟ್ಟಿದರು. ಮಧ್ಯಾಹ್ನ ಇನ್ನೊಂದು ಕಾರು ಬಂತು. ಜಯಕರನಿಗೆ ಧೈರ್ಯ ಬಂದುಬಿಟ್ಟಿತ್ತು. "ಇವರೇ ನೋಡಿ ಓಝರಿನ ಚನ್ನಮ್ಮ, ಬೇಕಾದರೆ ಕೇಳಿ" ಎಂದು ತಾನೇ ತೋರಿಸಿದ.

ಬಂದವರು ಕೇಳಿದರು. ಚಿಗರಿ ಹಗ್ಗ ಎಳೆದುಕೊಂಡು ಬಂದು ಚನ್ನಮ್ಮನ ಪಾದದ ಮೇಲೆ ಗಲ್ಲ ಊರಿ ಮಲಗಿತ್ತು.

"ಇದು ನನ್ನ ನಾಯಿಯಲ್ಲ" ಎಂದಳು ಚನ್ನಮ್ಮ. ಹಿಂದಿಯಲ್ಲಿ, ಎಲ್ಲ ಮೇಜುಗಳಿಗೂ ಕೇಳುವಂತೆ. "ನನ್ನ ಮನೆಯಲ್ಲಿ ಇಂಥ ನಾಯಿ ಹುಟ್ಟಿಲ್ಲ. ಬೀದಿನಾಯಿ ಇದು. ನನ್ನ ಹೆಸರು ಹೇಳಿ ನಿಮಗೆ ಮೋಸ ಮಾಡುತ್ತಿದ್ದಾರೆ."

ಪಾದ ಎಳೆದುಕೊಂಡಳು. ಚಿಗರಿ ತೆವಳಿ ಮತ್ತೆ ಬಂದು ಗಲ್ಲ ಇಟ್ಟಿತು. ಅವಳು ಮತ್ತೆ ಎಳೆದುಕೊಂಡಳು.

ಕಾರಿನವರು ಜಯಕರನಿಗೆ ನಾಲ್ಕು ಮಾತು ಬೈದು ಎದ್ದರು. ಪಕ್ಕದ ಮೇಜಿನ ಲಾರಿ ಡ್ರೈವರುಗಳು ಹೋ ಎಂದು ನಕ್ಕರು. ಹೆದ್ದಾರಿಯಲ್ಲಿ ಮಾತು ಲಾರಿಗಿಂತ ಜೋರಾಗಿ ಓಡುತ್ತದೆ. ಸಂಜೆಯೊಳಗೆ ಇಗತಪುರಿಯಿಂದ ನಾಶಿಕದ ತನಕ ಎಲ್ಲರಿಗೂ ಗೊತ್ತಾಗಿತ್ತು. ಜಯಕರ ಹಲ್ಲು ಕಡಿಯುತ್ತ ಹಗ್ಗ ಬಿಚ್ಚಿದ. "ಒಯ್ಯಿರಿ ನಿಮ್ಮ ಪೀಡೆಯನ್ನು. ಬೀದಿನಾಯಿಗೆ ಅನ್ನ ಹಾಕಲು ನನಗೆಂತ ಮರುಳೇ?" ಡಬ್ಬದ ಮರಿಯನ್ನು ವಾರಿಜಾಕ್ಷಿಯೇ ತಂದು ಕೊಟ್ಟಳು. ಕಣ್ಣೆತ್ತಿ ನೋಡಲಿಲ್ಲ. ಆ ಮರಿ ಉಳಿಯಲಿಲ್ಲ.

ಚಿಗರಿ ಉಳಿಯಿತು. ಹಿಂಗಾಲಿನ ನಡುಕ ಉಳಿದುಕೊಂಡಿತು, ಮುಂದೆ ಮರಿ ಹಾಕುವ ಮಾತಿರಲಿಲ್ಲ, ಗರ್ಭ ಕೊಳೆತಿತ್ತು. ಗಂಗಿ ಸತ್ತ ಮೇಲೆ ಅದರ ಜಾಗದಲ್ಲಿ ಐದು ವರ್ಷ ಬಾಳಿತು. ಮರಿ ಕೇಳಿಕೊಂಡು ಬಂದವರಿಗೆ ಚನ್ನಮ್ಮ, "ಈಗ ಮರಿ ಮಾಡಸೂದಿಲ್ರಿ" ಎನ್ನುತ್ತಿದ್ದಳು. ಘೋಟಿಯ ಆ ದಿನದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವಂತಿರಲಿಲ್ಲ. ಚಿಗರಿಯ ಮರಿಗಳು, ಮರಿಯ ಮರಿಗಳು ಅಲ್ಲಿಲ್ಲಿ ಬದುಕಿದ್ದವು; ತಾಯಿ ಅಸಲಿ ಎಂದು ಗೊತ್ತಾದರೆ ಯಾವ ಹಿತ್ತಲಿನಲ್ಲಿ ಯಾವ ಹೆಣ್ಣುನಾಯಿಗೆ ಹಗ್ಗ ಬೀಳುತ್ತದೋ ಯಾರಿಗೆ ಗೊತ್ತು?

ಎಪ್ಪತ್ತೆಂಟರಲ್ಲಿ ಜಮಖಂಡಿ ಕಡೆಯ ಮುದ್ದಣ್ಣನೆಂಬ ಮುದುಕ ಮಗನ ಮನೆಗೆಂದು ಕಾಲನಿಗೆ ಬಂದಿದ್ದ. ಹಿಂದೆ ಲೋಕಾಪುರದಲ್ಲಿ ಬೇಟೆಗೆ ಹೋದವನು, ಚನ್ನಮ್ಮನ ಅಪ್ಪನನ್ನು ಕಂಡವನು. ಬಿಸಿಲಲ್ಲಿ ಮಲಗಿದ್ದ ಚಿಗರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಎದೆ ಸವರಿ, ಬೆನ್ನು ಸವರಿ, ಕಣ್ಣೀರು ಹಾಕಿಕೊಂಡ.

"ತಂಗೀ, ಇದು ನಿಮ್ಮಪ್ಪನ ನಾಯಿ ಅಲ್ಲೇನವ್ವಾ?"

ಇಡೀ ನಾಶಿಕದಲ್ಲಿ ಅದನ್ನು ಗುರುತಿಸಬಲ್ಲ ಕೈ ಅದೊಂದೇ ಇತ್ತು. ಚನ್ನಮ್ಮ ಹೊಸ್ತಿಲಲ್ಲಿ ಕೂತು ಹುಣಸೆ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಲ್ಲ ಯಪ್ಪಾ," ಅಂದಳು. "ಬೀದ್ಯಾಗ ಸಿಕ್ಕಿದ್ದು."