ನೌಕರಿಗೆ ಹೋದ ಸೀಗಡಿಗಳು

ಮೊನ್ನೆ ಅಟ್ಟದ ಮೇಲೆ, ಹಳೆಯ ಪಂಚಾಂಗಗಳ ಗಂಟಿನ ಹಿಂದೆ, ಅಂಗೈಯಗಲದ ಒಂದು ಗಾಳಿ ಪಂಪು ಸಿಕ್ಕಿತು. ಮೀನಿನ ತೊಟ್ಟಿಯಲ್ಲಿ ಗುಳ್ಳೆ ಬಿಡುತ್ತದಲ್ಲ, ಅದೇ. ಮೈತುಂಬ ಕೆಂಪು ಧೂಳು. ನಮ್ಮ ಹೊಸಪೇಟೆಯಲ್ಲಿ ಯಾವ ವಸ್ತುವಿನ ಮೇಲಾದರೂ ಈ ಬಣ್ಣದ ಧೂಳು ಕಂಡರೆ ಅದು ಯಾವ ಕಾಲದ್ದೆಂದು ಕೇಳಬೇಕಾಗಿಲ್ಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಊರ ನಡುವೆ ಹಾದುಹೋಗುತ್ತಿದ್ದ ಕಾಲದ್ದು. ಇರಲಿ, ನೋಡೋಣ ಎಂದು ಒರೆಸಿ ಪ್ಲಗ್ಗಿಗೆ ಚುಚ್ಚಿದೆ. ಇಷ್ಟು ವರ್ಷ ಮಲಗಿದ್ದದ್ದು ಒಮ್ಮೆ ಕೆಮ್ಮಿ, ಗುರ್ರ್ ಎಂದು ಶುರುವಾಯಿತು. ಒಳಗೆ ಹೂಬತ್ತಿ ಹೊಸೆಯುತ್ತಿದ್ದ ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಊಟಕ್ಕೆ ಬನ್ನಿ ಎಂದು ನನ್ನ ಹೆಂಡತಿ ನಾಲ್ಕು ಸಲ ಕೂಗಿದರೂ ಕೇಳದ ಕಿವಿ. ಆ ಸದ್ದು ಮಾತ್ರ ಕೇಳಿಸಿತು.

"ಯಾರಿಗೆ ನೌಕರಿ ಬಂತೋ?" ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ನೀವೂ ನಗಬೇಕಾದರೆ ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬರಬೇಕು.

ಆಗ ನಾನು ಎರ್ರಿಸ್ವಾಮಿಯವರ ಆಫೀಸಿನಲ್ಲಿ ಗುಮಾಸ್ತ. ಅವರು ಅದಿರು ಸಾಗಿಸುವ ಗುತ್ತಿಗೆದಾರರು. ನಾನು ಲಾರಿಗಳಿಗೆ ಚೀಟಿ ಬರೆದುಕೊಡುವವನು. ಊರಿಗೆಲ್ಲ ಆಗ ಮನೆ ಕಟ್ಟಿಸುವ ಹುಚ್ಚು. ಒಬ್ಬರು ಪಡಸಾಲೆಯಲ್ಲಿ ಜಲಪಾತ ಮಾಡಿಸಿದರೆ ಇನ್ನೊಬ್ಬರು ಮಹಡಿಯ ಮೇಲೆ ಈಜುಕೊಳ. ಎರ್ರಿಸ್ವಾಮಿಯವರು ಇವರನ್ನೆಲ್ಲ ಮೀರಿಸಿ ಸಮುದ್ರವನ್ನೇ ತರಿಸಿದರು. ಡ್ಯಾಮಿನ ಹಿನ್ನೀರನ್ನೇ ಕಡಲೆಂದುಕೊಂಡಿದ್ದ ನಮ್ಮೂರಿಗೆ ಚೆನ್ನೈಯಿಂದ ಆರಡಿ ಗಾಜಿನ ತೊಟ್ಟಿ, ಮೂಟೆಗಟ್ಟಲೆ ಉಪ್ಪು ಮತ್ತು ಎಂಟು ಮೀನುಗಳು ಬಂದವು. ತಿಂಗಳೊಳಗೆ ಏಳು ಸತ್ತವು. ಉಳಿದದ್ದು ಒಂದು ಸಿಂಹಮೀನು. ಮೈಯೆಲ್ಲ ಕೆಂಪು-ಬಿಳಿ ಪಟ್ಟೆ, ನವಿಲು ಗರಿ ಬಿಚ್ಚಿದ ಹಾಗೆ ರೆಕ್ಕೆ, ಮುಖದ ಮೇಲೆ ಮಾತ್ರ ಜಗತ್ತಿನ ಬಗ್ಗೆ ತೀರಾ ಬೇಸರ. ಎರ್ರಿಸ್ವಾಮಿಯವರು ಅದಕ್ಕೆ ಸಾಹುಕಾರ ಎಂದೇ ಹೆಸರಿಟ್ಟಿದ್ದರು. ಊರಿಗೆಲ್ಲ ತಾನು ಸಾಹುಕಾರ, ತನಗೆ ಇವನು ಸಾಹುಕಾರ ಎನ್ನುತ್ತಿದ್ದರು. ಲಾರಿ ಡ್ರೈವರುಗಳು ಎದುರು ನಿಲ್ಲಲು ನಡುಗುತ್ತಿದ್ದ ಆ ಮನುಷ್ಯ ಮೀನಿನ ಮುಂದೆ ಕುಳಿತರೆ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಸಾಹುಕಾರನಿಗೆ ಒಂದೇ ಹಟ. ಜೀವಂತ ಸೀಗಡಿ ಎದುರಿಗೆ ಓಡಾಡಿದರೆ ತಿನ್ನುತ್ತಾನೆ. ಸತ್ತದ್ದನ್ನು ಮೂಸುವುದೂ ಇಲ್ಲ. ಚೆನ್ನೈಯಿಂದ ಪಾರ್ಸಲ್ ಬರುವಷ್ಟರಲ್ಲಿ ಸೀಗಡಿಗಳು ಅರ್ಧಕ್ಕರ್ಧ ಸಾಯುತ್ತಿದ್ದವು. ಒಂದು ದಿನ ಆಫೀಸಿನಲ್ಲಿ ಈ ಚರ್ಚೆ ನಡೆದಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. ತುಂಗಭದ್ರೆಯಲ್ಲೇ ಬೇಕಾದಷ್ಟು ಸೀಗಡಿ ಇವೆ, ಸಾಕುವುದು ಸುಲಭ, ನಾನು ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವನು ಎಂದುಬಿಟ್ಟೆ. ಓದಿದ್ದು ನಿಜ. ಆದರೆ ನಾನು ಕಂಡಿದ್ದ ಒಂದೇ ಸೀಗಡಿ ಕಾಲೇಜಿನ ಲ್ಯಾಬಿನಲ್ಲಿ ಫಾರ್ಮಲಿನ್ ಬಾಟಲಿಯೊಳಗೆ ನಿಂತಿತ್ತು, ಬಹುಶಃ ಈಗಲೂ ನಿಂತಿದೆ. ಎರ್ರಿಸ್ವಾಮಿಯವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಆಚಾರ್ರೇ, ಹಂಗಾದ್ರ ಈ ಕೆಲಸ ನಿಮ್ದು" ಎಂದರು. ಅಲ್ಲಿಗೆ ಮುಗಿಯಿತು.

ಈಗ ನಮ್ಮ ಮನೆಯ ವಿಷಯ ಹೇಳಬೇಕು. ನಮ್ಮದು ವೈಷ್ಣವರ ಮನೆ. ಈರುಳ್ಳಿ ಕೂಡ ಹಿತ್ತಲ ಬಾಗಿಲಿನಿಂದ ಬಂದು ಹೋಗುವ ಮನೆ. ಅಪ್ಪ ಬಳ್ಳಾರಿಯಲ್ಲಿ ನೌಕರಿಯಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಆ ವರ್ಷವೇ ನನ್ನ ತಂಗಿ ಮದುವೆಯಾಗಿ ರಾಯಚೂರಿಗೆ ಹೋಗಿದ್ದಳು. ಅವಳು ಹೋದ ಮೇಲೆ ಅಮ್ಮ ಪಾತ್ರೆಗಳ ಜೊತೆ ಮಾತಾಡಲು ಶುರುಮಾಡಿದ್ದಳು. ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ ಬಾಗಿಲಲ್ಲಿ ನಿಂತವಳು ಸಂಜೆ ಬಂದಾಗಲೂ ಅಲ್ಲೇ ಇರುತ್ತಿದ್ದಳು. ನನಗೆ ಅದು ನೋಡಲಾಗುತ್ತಿರಲಿಲ್ಲ.

ಇಂಥ ಮನೆಯ ಹಿತ್ತಿಲಿಗೆ ಬಕೆಟ್ ತುಂಬ ಸೀಗಡಿ ತಂದು, ಇವು ಇನ್ನೊಂದು ಮೀನಿನ ಊಟ ಎಂದು ಹೇಳುವ ಧೈರ್ಯ ಯಾರಿಗಿದೆ? ನಾನು ಸುಳ್ಳು ಹೇಳಿದೆ. ಎರ್ರಿಸ್ವಾಮಿಯವರ ತೊಟ್ಟಿಯ ಗಾಜಿಗೆ ಪಾಚಿ ಕಟ್ಟುತ್ತದೆ, ಇವು ಅದನ್ನು ತಿಂದು ಸ್ವಚ್ಛ ಮಾಡುತ್ತವೆ, ಅದಕ್ಕೇ ವಾರಕ್ಕೆರಡು ಸಲ ಒಂದಷ್ಟನ್ನು ಒಯ್ಯಬೇಕು ಎಂದೆ. ಅಮ್ಮ ಬಗ್ಗಿ ನೋಡಿದಳು. ಗಾಜಿನಂಥ ಮೈ, ಒಳಗೆ ಏನು ತಿಂದಿವೆ ಎಂಬುದೂ ಕಾಣುತ್ತದೆ. ಕಡ್ಡಿಯಂಥ ಕಾಲುಗಳಲ್ಲಿ ಏನನ್ನೋ ಹೆಕ್ಕುತ್ತಲೇ ಇದ್ದವು.

"ಅಂದ್ರ ಇವಕ್ಕೂ ನೌಕರಿ ಸಿಕ್ಕದ ಅನ್ನು," ಎಂದಳು ಅಮ್ಮ.

ಊರಲ್ಲಿ ಯಾರನ್ನು ಕೇಳಿದರೂ ಮೈನ್ಸಿನಲ್ಲಿ ನೌಕರಿ ಸಿಕ್ಕಿತು ಎನ್ನುತ್ತಿದ್ದ ಕಾಲ. ಅಮ್ಮನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅಂದಿನಿಂದ ನನಗಿದ್ದ ಚಿಂತೆ ಒಂದೇ: ಅಮ್ಮನಿಗೆ ನಿಜ ಗೊತ್ತಾಗಬಾರದು.

ಸೀಗಡಿ ಹಿಡಿದುಕೊಡುತ್ತಿದ್ದವನು ಬುಕ್ಕಸಾಗರದ ಹುಲಿಗೆಪ್ಪ. ನದಿಯಂಚಿನ ಜೊಂಡಿನೊಳಗೆ ಹಳೆಯ ಸೊಳ್ಳೆ ಪರದೆ ಎಳೆದು ಹಿಡಿಯುತ್ತಿದ್ದ. ತಿನ್ನುವುದಾದರೆ ಸತ್ತದ್ದಾದರೇನು, ಜೀವಂತ ಯಾಕೆ ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ. ನಾನು ಅವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಕಮಲಾಪುರದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದೆ. ಒಮ್ಮೆ ನಮ್ಮ ಓಣಿಯ ವೃದ್ಧರೊಬ್ಬರು ಪಕ್ಕದಲ್ಲೇ ಕುಳಿತು, ಹಳ್ಳಿಯ ಹಾಲೇನೋ, ಗಟ್ಟಿಯಿದೆಯೇ ಎಂದು ವಿಚಾರಿಸಿದರು. ಭಾಳ ನೀರು ರೀ ಎಂದೆ. ಆ ದಿನ ನಾನಾಡಿದ ನಿಜ ಅದೊಂದೇ.

ಮೊದಲ ತಂಡವನ್ನು ಕೊಂದವನು ನಾನೇ. ನಲ್ಲಿಯ ನೀರಿನಲ್ಲಿ ಔಷಧಿ ಇರುತ್ತದೆ, ಒಂದು ದಿನ ಹಾಗೇ ಬಿಟ್ಟು ಬಳಸಬೇಕೆಂದು ಗೊತ್ತಿತ್ತು. ಯಾವುದರಲ್ಲಿ ಬಿಡಬೇಕೆಂದು ಗೊತ್ತಿರಲಿಲ್ಲ. ಮನೆಯಲ್ಲಿ ಅಮ್ಮನ ಮದುವೆಯಲ್ಲಿ ಕೊಟ್ಟ ತಾಮ್ರದ ಹಂಡೆ ಇತ್ತು. ಹುಣಿಸೆಹಣ್ಣು ಹಚ್ಚಿ ತಿಕ್ಕಿದರೆ ಬಂಗಾರ. ನೀರು ಶುದ್ಧವಾಗಲಿ ಎಂದು ಅದರಲ್ಲೇ ತುಂಬಿಟ್ಟು ಮರುದಿನ ಸೀಗಡಿಗಳನ್ನು ಬಿಟ್ಟೆ. ಬೆಳಗಾಗುವಷ್ಟರಲ್ಲಿ ಎಲ್ಲವೂ ಕೆಂಪಗಾಗಿ ಮಲಗಿದ್ದವು. ನನ್ನ ಹಳೆಯ ಮೇಷ್ಟರಿಗೆ ಫೋನು ಮಾಡಿದರೆ ಅವರು ನಿಟ್ಟುಸಿರು ಬಿಟ್ಟು, "ಪುಣ್ಯಾತ್ಮ, ತಾಮ್ರ ಅಂದ್ರ ಅವಕ್ಕ ವಿಷ ಕಣೋ. ನಿನಗ ಪಾಸು ಮಾಡಿದವರು ಯಾರು?" ಎಂದರು. ಮಾಡಿದ್ದವರು ಅವರೇ. ಅಮ್ಮ ತಲೆಗೆ ಸ್ನಾನ ಮಾಡಿ ಬಂದು, ನಮಗೆ ತೀರ್ಥ ಆದದ್ದು ಅವಕ್ಕೆ ವಿಷವಾದರೆ ತಪ್ಪು ಯಾರದೂ ಅಲ್ಲ, ಅವುಗಳ ಶಾಸ್ತ್ರವೇ ಬೇರೆ ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಆಮೇಲೆ ಕೆಲಸವನ್ನು ಆಕೆಯೇ ಕೈಗೆತ್ತಿಕೊಂಡಳು. ಎರಡು ದೊಡ್ಡ ಮಣ್ಣಿನ ಹರವಿಗಳನ್ನು ಹಿತ್ತಿಲ ಬೇವಿನ ನೆರಳಲ್ಲಿ ಹಸಿ ಮರಳಿನೊಳಗೆ ಕುತ್ತಿಗೆವರೆಗೆ ಹೂಳಿಸಿದಳು. ನಮ್ಮೂರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಹೀಗೇ ಅಲ್ಲವೇ ತಣ್ಣಗಿಡುವುದು? ಲಾರಿಯ ಧೂಳು ಬೀಳದಂತೆ ಬಾಯಿಗೆ ತನ್ನ ಹಳೆಯ ಸೀರೆ ಕಟ್ಟಿದಳು. ಸಂಜೆ ಬಿಚ್ಚಿದರೆ ಹಸಿರು ಸೀರೆ ಇಟ್ಟಿಗೆ ಬಣ್ಣವಾಗಿರುತ್ತಿತ್ತು. ನೀರಿಗೆ ಗುಳ್ಳೆ ಬಿಡಲು ನಾನು ತಂದಿಟ್ಟ ಗಾಳಿ ಪಂಪು ಹಿತ್ತಿಲಲ್ಲಿ ದಿನವಿಡೀ ಗುರ್ರ್ ಎನ್ನುತ್ತಿತ್ತು. ಬೇಯಿಸಿದ ರಾಜಗಿರಿ ಸೊಪ್ಪು, ಸೌತೆಕಾಯಿ ಚೂರು, ನೈವೇದ್ಯದ ನಾಲ್ಕು ಅಗುಳು ಅವುಗಳ ಊಟ. ಏಕಾದಶಿಯ ದಿನ ಮಾತ್ರ ಏನೂ ಇಲ್ಲ. ನಮ್ಮ ಮನೆಯಲ್ಲಿದ್ದ ಮೇಲೆ ನಮ್ಮ ಹಾಗೇ ಇರಬೇಕು ಎಂದಳು. ಮೊದಲ ಸಲ ಸೀಗಡಿಯೊಂದು ಪೊರೆ ಬಿಟ್ಟಾಗ ಬರಿಯ ಚಿಪ್ಪನ್ನು ಕಂಡು ಸತ್ತಿತೆಂದು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಅದು ಹೊಸ ಮೈಯಲ್ಲಿ ಕಲ್ಲಿನ ಹಿಂದೆ ಕುಳಿತದ್ದನ್ನು ತೋರಿಸಿದೆ. ಮುಖ ಅರಳಿತು. "ಅಯ್ಯ, ಹಳೇದು ಬಿಟ್ಟು ಮಡಿ ಉಟ್ಟದನೋ" ಎಂದು ಸಂಜೆ ತಂಗಿಗೆ ಫೋನು ಮಾಡಿ ಹೇಳಿದಳು. ಮೊಟ್ಟೆ ಹೊತ್ತದ್ದನ್ನು ಮಾತ್ರ ನಾನು ಒಯ್ಯುವಂತಿರಲಿಲ್ಲ. ಬಸುರಿಯನ್ನು ಯಾರಾದರೂ ಕೆಲಸಕ್ಕೆ ಕಳಿಸುತ್ತಾರೆಯೇ? ಅಮ್ಮನ ಮಾತು ಮರಳಿ ಬಂದಿತ್ತು. ನಾನು ಕ್ಯಾನು ಹಿಡಿದು ಹೊರಟಾಗಲೆಲ್ಲ, ಇವತ್ತು ಯಾರ್ಯಾರಿಗೆ ನೌಕರಿ ಬಂತು ಎಂದು ಕೇಳುತ್ತಿದ್ದಳು. ನನಗೆ ಖುಷಿಯೂ ಆಗುತ್ತಿತ್ತು, ಒಳಗೊಳಗೇ ಚುಚ್ಚುತ್ತಲೂ ಇತ್ತು.

ಗಣೇಶನ ಹಬ್ಬಕ್ಕೆ ಎರ್ರಿಸ್ವಾಮಿಯವರ ಮನೆಯಿಂದ ಅಮ್ಮನಿಗೆ ಅರಿಶಿನ-ಕುಂಕುಮಕ್ಕೆ ಕರೆ ಬಂತು. ಹಿಂದಿನ ದಿನ ಒಯ್ದ ಸೀಗಡಿಗಳಲ್ಲಿ ಎಡಮೀಸೆ ಮುರಿದದ್ದೊಂದಿತ್ತು, ಅಮ್ಮನಿಗೆ ಭಾಳ ಬೇಕಾದದ್ದು. ಅದು ಕಾಣದಿದ್ದರೆ ಕೇಳಿಯೇ ಕೇಳುತ್ತಾಳೆ. ಬೆಳಿಗ್ಗೆಯೇ ಓಡಿಹೋಗಿ, ಅದೊಂದನ್ನು ಅಲ್ಲಿಯ ಬಕೆಟ್ಟಿನಲ್ಲಿ ಉಳಿಸಿ, ಮಿಕ್ಕವನ್ನು ಸಾಹುಕಾರನಿಗೆ ಹೊಟ್ಟೆ ಬಿರಿಯೆ ತಿನ್ನಿಸಿ ಬಂದೆ. ಅಮ್ಮನ ಎದುರಿಗೆ ಬಾಯಿ ತೆರೆಯದಿದ್ದರೆ ಸಾಕಿತ್ತು. ಆಕೆ ಮರಳಿ ಬಂದು, ಮನೆ ಭಾಳ ತಣ್ಣಗಿದೆ, ಏಸಿ ಹಾಕಿಸಿದ್ದಾರೆ, ಮೀನು ಚಂದ ಇದೆ ಎಂದಳು, ಅಷ್ಟೇ. ಗೆದ್ದೆ ಎಂದುಕೊಂಡೆ. ಆಮೇಲಿನ ದಿನಗಳಲ್ಲಿ ಸೀಗಡಿಗಳಿಗೆ ಹಬ್ಬದೂಟ ನಡೆಯಿತು, ಕಡಬಿನ ಚೂರಿನವರೆಗೆ. ಹಬ್ಬದ ಹುರುಪು ಇನ್ನೂ ಇಳಿದಿಲ್ಲ ಎಂದು ನಾನು ತಿಳಿದೆ.

ಹುಣ್ಣಿಮೆ ಕಳೆದು ಪಕ್ಷಮಾಸ ಬಂತು. ಹಿರಿಯರಿಗೆ ತರ್ಪಣ ಬಿಡುವ ಹದಿನೈದು ದಿನ, ಯಾವ ಶುಭಕಾರ್ಯವೂ ಇಲ್ಲ. ಮೊದಲ ದಿನವೇ ನಾನು ಕ್ಯಾನು ಹಿಡಿದು ಹಿತ್ತಿಲಿಗೆ ಹೋದರೆ ಅಮ್ಮ ಹರವಿಗೆ ಅಡ್ಡ ಕುಳಿತಿದ್ದಳು.

"ಪಕ್ಷಮಾಸದಾಗ ಯಾರನ್ನಾದ್ರೂ ಹೊಸ ನೌಕರಿಗೆ ಕಳಸ್ತಾರೇನೋ? ಅಮಾಸಿ ಆಗೋತನ ಒಂದೂ ಹೊರಗ ಹೋಗಂಗಿಲ್ಲ."

ನನ್ನ ಸುಳ್ಳು ನನ್ನ ಕೊರಳಿಗೇ ಬಿತ್ತು. ಮೀನು ಉಪವಾಸ ಬೀಳುತ್ತದೆ ಎನ್ನುವಂತಿಲ್ಲ, ಗಾಜು ತಾನೇ ಒಂದಿಷ್ಟು ಕೊಳೆಯಾಗುವುದು? ಬುಕ್ಕಸಾಗರಕ್ಕೆ ಓಡಿದರೆ ಡ್ಯಾಮಿನ ಗೇಟು ತೆರೆದು ಹೊಳೆ ತುಂಬಿತ್ತು. ನೀರು ಇಳಿಯುವವರೆಗೆ ಒಂದು ಸೀಗಡಿಯೂ ಸಿಗದು ಎಂದ ಹುಲಿಗೆಪ್ಪ. ಚೆನ್ನೈಗೆ ಫೋನು ಮಾಡಿದರೆ ಅವರ ಹತ್ತಿರವೂ ಜೀವಂತ ಮಾಲು ಇರಲಿಲ್ಲ. ಅಮ್ಮನೋ ಬೆಳಿಗ್ಗೆ ಸಂಜೆ ಹಾಜರಿ ತೆಗೆಯುತ್ತಿದ್ದಳು. ಕದಿಯುವ ದಾರಿಯೂ ಇರಲಿಲ್ಲ.

ಎರ್ರಿಸ್ವಾಮಿಯವರಿಗೆ ಎಲ್ಲವನ್ನೂ ಹೇಳಿ ತಲೆ ತಗ್ಗಿಸಿ ನಿಂತೆ. ಬೈಯುತ್ತಾರೆ ಎಂದುಕೊಂಡರೆ, ಅವರು ಮೀನಿನ ಕಡೆ ತಿರುಗಿ, ತಾಯಿಗೆ ಹೇಳುವುದು ಬೇಡ, ಸಾಹುಕಾರನಿಗೇ ಬುದ್ಧಿ ಕಲಿಸೋಣ ಎಂದರು. ಮೀನಿನ ಮಾರ್ಕೆಟ್ಟಿನಿಂದ ಐಸಿನ ಸೀಗಡಿ ಬಂತು. ಅದನ್ನು ದಾರಕ್ಕೆ ಕಟ್ಟಿ, ದಾರವನ್ನು ಕಸಬರಿಗೆ ಕಡ್ಡಿಗೆ ಕಟ್ಟಿ, ಸ್ಟೂಲಿನ ಮೇಲೆ ನಿಂತು ಅವರು ನೀರಿನೊಳಗೆ ಕುಣಿಸತೊಡಗಿದರು. ಜೀವ ಇದ್ದ ಹಾಗೆ ಕುಣಿಸಬೇಕಲ್ಲ, ಕಡ್ಡಿಯ ಜೊತೆ ಅವರೂ ಕುಣಿಯುತ್ತಿದ್ದರು. ಒಂದು ದಿನ, ಎರಡು ದಿನ, ನಾಲ್ಕು ದಿನ. ಸಾಹುಕಾರ ಹತ್ತಿರ ಬಂದು ನೋಡುವನು, ತಿರುಗಿ ಹೋಗುವನು. ಆರನೆಯ ದಿನ ಅವರು ತಾವೂ ಒಪ್ಪತ್ತು ಊಟ ಬಿಟ್ಟರು. ನಾನು ಆಫೀಸಿನಲ್ಲಿ ಚೀಟಿ ತಪ್ಪು ಬರೆಯುತ್ತಿದ್ದೆ, ಮನೆಗೆ ಬಂದರೆ ಅಮ್ಮನ ಮುಖ ನೋಡಲು ಆಗುತ್ತಿರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಫೋನು ಬಂತು. ಆ ಕಡೆ ಎರ್ರಿಸ್ವಾಮಿಯವರು ಕೂಗುತ್ತಿದ್ದರು.

"ಆಚಾರ್ರೇ, ತಿಂದ ರೀ. ದಾರಾ ಸಮೇತ ತಿಂದ."

ಅವತ್ತು ಆಫೀಸಿಗೆಲ್ಲ ಮಿರ್ಚಿ. ಅಂದಿನಿಂದ ಸಾಹುಕಾರ ಐಸಿನ ಸೀಗಡಿಗೇ ಒಗ್ಗಿದ. ಎರಡು ವರ್ಷ ಸುಖವಾಗಿ ಬದುಕಿದ. ಹರವಿಯಲ್ಲಿ ಉಳಿದ ಸೀಗಡಿಗಳಿಗೆ ನೌಕರಿ ತಪ್ಪಿತು. ಅಲ್ಲಿ ಕೆಲಸ ಮುಗಿಯಿತಂತೆ ಎಂದು ಅಮ್ಮನಿಗೆ ಹೇಳಿದೆ. ಸರಿ, ಇಲ್ಲೇ ಇರಲಿ ಎಂದಳು. ಅವು ತಮ್ಮ ಆಯುಷ್ಯ ಇರುವಷ್ಟು ದಿನ ನೈವೇದ್ಯ ತಿಂದುಕೊಂಡು, ಏಕಾದಶಿ ಮಾಡಿಕೊಂಡು ಇದ್ದವು.

ಮೊನ್ನೆ ಪಂಪು ಆರಿಸಿ ಅಮ್ಮನ ಪಕ್ಕ ಕುಳಿತೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಸಾಕೆನಿಸಿತು. ಕಿವಿಯ ಹತ್ತಿರ ಬಾಗಿ, "ಅಮ್ಮಾ, ಆ ಸೀಗಡಿ ಗಾಜು ತೊಳ್ಯಾಕ ಹೋಗ್ತಿದ್ದಿಲ್ಲ" ಎಂದೆ.

"ಗೊತ್ತದ," ಎಂದಳು. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. "ಗಣಪ್ಪನ ಹಬ್ಬಕ್ಕ ಹೋದಾಗ ಎರ್ರಿಸ್ವಾಮಿ ತಾನೇ ಒಂದು ಹಾಕಿ ಮೀನು ನುಂಗೋದು ತೋರಿಸಿದ, ಭಾಳ ಅಭಿಮಾನದಿಂದ. ಎಡಮೀಸಿ ಮುರಿದದ್ದು."

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟರಲ್ಲಿ ಆಕೆಯೇ ಹೇಳಿದಳು.

"ಹೇಳಿದ್ರ ನೀ ತರೋದು ಬಿಡ್ತಿದ್ದಿ. ಮನಿ ಮತ್ತ ಭಣ ಭಣ ಅಂತಿತ್ತು. ಹತ್ತು ದಿನ ಬಾಯಿ ಬಿಡಲಿಲ್ಲ ನಾನು. ಆ ಹತ್ತು ದಿನ ಹೋದವಕ್ಕ ಹೊಟ್ಟಿ ತುಂಬ ಹಾಕಿ ಕಳಿಸಿದೆ, ಆ ಪಾಪ ನಂದು. ಕಡೀಗೆ ತಡೀಲಿಕ್ಕಾಗದೆ ಪಕ್ಷಮಾಸ ಅಂದೆ. ಅಮಾಸಿ ದಿನ ನಿಮ್ಮಪ್ಪನ ಕಡಿಂದ ಒಂದು ಬೊಗಸಿ ಎಳ್ಳುನೀರು ಹೆಚ್ಚಿಗಿ ಬಿಡಿಸಿದೆ. ಯಾರಿಗಂತ ಅವರೂ ಕೇಳಲಿಲ್ಲ."

ಇಷ್ಟು ವರ್ಷ ನಾನು ಅಮ್ಮನನ್ನು ಕಾಪಾಡಿದೆ ಎಂದು ಬೀಗಿದ್ದೆ. ಹಿತ್ತಿಲಲ್ಲಿ ಕುಳಿತೇ ಆಕೆ ನನ್ನನ್ನೂ ಎರ್ರಿಸ್ವಾಮಿಯವರನ್ನೂ ಆ ಮೀನನ್ನೂ ಕುಣಿಸಿದ್ದಳು. ನನಗೆ ಅಳು ಬಂತು, ನಗುವೂ ಬಂತು. ಯಾವುದು ಮೊದಲೆಂದು ನೆನಪಿಲ್ಲ. ಕಣ್ಣೊರೆಸಿಕೊಂಡು, ಹುಲಿಗೆಪ್ಪ ಇನ್ನೂ ಇದ್ದಾನೆ, ನಾಳೆ ಬುಕ್ಕಸಾಗರಕ್ಕೆ ಹೋಗಿಬರಲೇ ಎಂದು ಕೇಳಿದೆ.

ಅಮ್ಮ ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟು ನನ್ನ ಮುಖ ನೋಡಿದಳು.

"ತಾ. ಆದ್ರ ಈ ಸಲ ಯಾರಿಗೂ ನೌಕರಿ ಬ್ಯಾಡ."

ನಾನು ಹಾಲಿನ ಕ್ಯಾನು ಹುಡುಕಲು ಮತ್ತೆ ಅಟ್ಟ ಹತ್ತಿದೆ.