ಒದ್ದೆಯಾಗಬಾರದ ಪಟ್ಟಿ

ಅಮ್ಮನ ಎಡಗಣ್ಣು ಪೂರ್ತಿ ಕತ್ತಲಾದ ಮೇಲೆಯೇ ಅದು ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಗ್ಲಾಕೋಮಾ, ಎಂದು ನಮಗೆ ತಿಳಿದದ್ದು. ಬಲಗಣ್ಣನ್ನಾದರೂ ಉಳಿಸಿಕೊಳ್ಳಲು ಮಂಗಳೂರಿನಲ್ಲಿ ಆಪರೇಶನ್ ಮಾಡಿಸಿದೆವು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಂಟ್ವಾಳದ ಮನೆಯಿಂದ ಮೂಡುಬಿದಿರೆ ದಾರಿಯ ಶಾಲೆಯೊಂದಕ್ಕೆ ನಾನು ದಿನವೂ ಬಸ್ಸಿನಲ್ಲಿ ಪಾಠ ಹೇಳಲು ಹೋಗುತ್ತಿದ್ದೆ.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದನ್ನು ದಿನಚರಿಯಲ್ಲಿ ಹಾಗೆಯೇ ಬರೆದಿಟ್ಟಿದ್ದೆ: "ಒಳಗಿನ ನೀರು ಹೋಗಲಿಕ್ಕೆ ಮೇಲಿನ ರೆಪ್ಪೆಯ ಅಡಿಯಲ್ಲಿ ದಾರಿ ಮಾಡಿದ್ದೇವೆ. ಅದು ತೆಳುಪೊರೆಯ ಒಳಗೇ ಇಂಗಬೇಕು, ಹೊರಗೆ ಸೋರಬಾರದು. ಕಣ್ಣಿಗೆ ಕಟ್ಟಿದ ಪಟ್ಟಿ ಒದ್ದೆಯಾದರೆ, ಕಣ್ಣು ಕೆಂಪಾದರೆ ಕೂಡಲೇ ಕರಕೊಂಡು ಬನ್ನಿ. ಕಣ್ಣಿಗೆ ಕೆಲಸ ಕೊಡಬಾರದು."

ಪ್ರತಿ ಸಂಜೆ ಪಟ್ಟಿ ಬದಲಿಸಿ, ತಾರೀಕಿನ ಮುಂದೆ 'ಒಣ' ಎಂದು ಬರೆಯುತ್ತಿದ್ದೆ. ಒಂದು ಗುರುವಾರ ಪಟ್ಟಿ ತುಸು ತೇವವಾಗಿತ್ತು; ಹಾಗೆ ಬರೆಯಲು ಮನಸ್ಸು ಒಪ್ಪಲಿಲ್ಲ.

"ಬೆವರು ಮಗಳೇ. ಈ ಸೆಕೆಗೆ ಗೋಡೆ ಕೂಡ ಬೆವರ್ತದೆ" ಎಂದರು ಅಮ್ಮ.

ಶುಕ್ರವಾರ ಪಟ್ಟಿ ಇನ್ನಷ್ಟು ಒದ್ದೆಯಾಗಿತ್ತು. ಮೊದಲು ಡಾಕ್ಟರ ಮೇಲೆ ಸಂಶಯ ಬಂತು. ಆಮೇಲೆ ಚಿಕ್ಕಮ್ಮನ ಮೇಲೆ. ಅಮ್ಮನನ್ನು ನೋಡಿಕೊಳ್ಳಲು ಹಾಲು ಕುಡಿಯುವ ಮಗುವಿನೊಂದಿಗೆ ಬೆಳ್ತಂಗಡಿಯಿಂದ ಬಂದಿದ್ದ ಚಿಕ್ಕಮ್ಮ, ಕಣ್ಣುನೋವಿಗೆ ಎದೆಹಾಲಿಗಿಂತ ದೊಡ್ಡ ಮದ್ದು ಇಲ್ಲ ಎಂದು ಬಂದ ದಿನವೇ ಹೇಳಿದ್ದರು. ನಾನಿಲ್ಲದ ಹೊತ್ತು ನೋಡಿ ಹಾಕುತ್ತಿದ್ದಾರೆ ಎಂದುಕೊಂಡು, ಹುಳಿ ವಾಸನೆಗಾಗಿ ಪಟ್ಟಿಯನ್ನು ಮೂಸಿದೆ.

ಹಾಲಿನ ವಾಸನೆ ಬರಲಿಲ್ಲ. ಬಂದದ್ದು ಹೊಗೆಸೊಪ್ಪಿನ ಘಾಟು.

ಚಿಕ್ಕಮ್ಮನಿಗೆ ಬೀಡಿ ಕಟ್ಟಲು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದವರು ಒಬ್ಬರೇ. ಅಮ್ಮನ ಕೈ ಹಿಡಿದು ತಿರುಗಿಸಿದೆ. ಉಗುರಿನ ಸಂದಿಯಲ್ಲಿ ಕಂದು ಪುಡಿ ಇತ್ತು.

"ಅಮ್ಮ, ಡಾಕ್ಟರು ಎಂಥ ಹೇಳಿದ್ದು?"

"ಕಣ್ಣಿಗೆ ಕೆಲಸ ಬೇಡ ಅಂತ. ನಾನು ಕೊಟ್ಟದ್ದೇ ಇಲ್ಲ. ಬೀಡಿ ಕಟ್ಟಲಿಕ್ಕೆ ಕಣ್ಣು ಯಾಕೆ? ಕೈಗೆ ಗೊತ್ತುಂಟಲ್ಲ! ಹೊಲಿಗೆಯಾದರೆ ನಾನೇ ಮುಟ್ಟುತ್ತಿರಲಿಲ್ಲ."

"ಪಟ್ಟಿಯೊಳಗೆ ಬೆರಳು ಹಾಕಿದ್ದಾ?"

"ತುರಿಸಿತು. ಸ್ವಲ್ಪ ಒತ್ತಿದೆ."

ಬಾಗಿಲ ಬಳಿ ಮಗುವನ್ನು ತಟ್ಟುತ್ತಿದ್ದ ಚಿಕ್ಕಮ್ಮ ನಕ್ಕರು. "ಆಗಿನಿಂದ ನನ್ನನ್ನು ಪೊಲೀಸಿನವರ ಹಾಗೆ ನೋಡ್ತಿದ್ದೆಯಲ್ಲ ಮಾರಾಯ್ತಿ! ನಾನು ಬೇಡ ಅಂದೆ. ಅಕ್ಕ ಕೇಳಬೇಕಲ್ಲ?"

ಮರುದಿನ ಬೆಳಗ್ಗಿನ ಮೊದಲ ಬಸ್ಸಿಗೇ ಹೊರಟೆವು. ಡಾಕ್ಟರು ಕಣ್ಣಿಗೆ ಬಣ್ಣದ ಒಂದು ಹನಿ ಹಾಕಿ ರೆಪ್ಪೆ ಎತ್ತಿದರು. ಆ ಬಣ್ಣವನ್ನು ಸೀಳಿಕೊಂಡು ನೀರಿನ ಸಣ್ಣ ಗೆರೆಯೊಂದು ಇಳಿಯುತ್ತಿದ್ದುದನ್ನು ನನಗೂ ತೋರಿಸಿದರು.

"ಪೊರೆ ಸೋರ್ತಾ ಉಂಟು. ಒಳಗಿನ ನೀರು ಹೋಗಿ ಕಣ್ಣು ಮೆತ್ತಗಾಗಿದೆ. ಕೀವು ಆಗಲಿಲ್ಲ, ಅದು ನಿಮ್ಮ ಪುಣ್ಯ. ಆಗಿದ್ದರೆ ಈ ಕಣ್ಣೂ ಹೋಗ್ತಿತ್ತು."

ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ವಾರ್ಡಿನಲ್ಲಿ ದಪ್ಪ ಹತ್ತಿಯಿಟ್ಟು ಬಿಗಿಯಾಗಿ ಪಟ್ಟಿ ಕಟ್ಟಿದರು. ಪಾಪೆ ಹಿಗ್ಗಿಸುವ ಹನಿ ಹಾಕಿದರು, ಪೆನ್ಸಿಲಿನ್ ಚುಚ್ಚಿದರು. ಅಲ್ಲಾಡದೆ ಮಲಗಬೇಕು, ಪೊರೆ ಹೀಗೆ ಮುಚ್ಚಿಕೊಳ್ಳದಿದ್ದರೆ ಹೊಲಿಗೆ ಹಾಕಬೇಕು ಎಂದರು. ಶಾಲೆಗೆ ರಜೆ ಹಾಕಿ ಮಂಚದ ಪಕ್ಕ ಕುಳಿತೆ. ಅಮ್ಮನ ಕೈ ಚಾದರದ ಅಡಿ ಸೇರಿದಾಗಲೆಲ್ಲ ಅದನ್ನು ನನಗೆ ಕಾಣುವಂತೆ ಹೊರಗೆ ಎಳೆದಿಡುತ್ತಿದ್ದೆ.

ಹೊಲಿಗೆ ಬೇಕಾಗಲಿಲ್ಲ. ದಿನಚರಿಯಲ್ಲಿ ಮತ್ತೆ 'ಒಣ' ಬಂತು. ದಿನಕ್ಕೆ ಸ್ವಲ್ಪ ಹೊತ್ತು ಪಟ್ಟಿ ಬಿಚ್ಚಿಡಬಹುದು ಎಂದು ಡಾಕ್ಟರು ಹೇಳಿದ್ದರು. ಮನೆಗೆ ಮರಳುವಾಗ ಫರಂಗಿಪೇಟೆಯ ಹತ್ತಿರ ಅಮ್ಮ ಬಸ್ಸಿನ ಕಿಟಕಿಯಿಂದ ಹೊಳೆಯ ಕಡೆ ನೋಡುತ್ತ, "ಅಲ್ಲಿ ಎರಡು ದೋಣಿ ಉಂಟಲ್ಲ, ಮಂಜು ಮಂಜಾಗಿ?" ಎಂದು ಕೇಳಿದರು. ನಾನು ಬಗ್ಗಿ ನೋಡಿದೆ. ಎರಡೇ ಇದ್ದವು.

ಮನೆಯಲ್ಲಿ ಬೀಡಿಯ ಎಲೆ, ಹೊಗೆಸೊಪ್ಪಿದ್ದ ಗೆರಸೆಯನ್ನು ಅಟ್ಟಕ್ಕೆ ಹಾಕಿ ಏಣಿಯನ್ನು ಚಿಕ್ಕಮ್ಮನ ಕೋಣೆಯಲ್ಲಿಟ್ಟೆ. ಆದರೂ ಶಾಲೆಯಿಂದ ಬಂದ ಕೂಡಲೇ ಮೊದಲು ಪಟ್ಟಿಯನ್ನು ಮೂಸುವುದು ಅಭ್ಯಾಸವಾಗಿಬಿಟ್ಟಿತ್ತು. ಒಂದು ಸಂಜೆ ಅಮ್ಮ ಎರಡೂ ಕೈಗಳನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ತಗೋ, ಇದನ್ನೂ ಮೂಸು."

ಮೂಸಿದೆ. ಒಳ್ಳೆಯ ಸೋಪಿನ ವಾಸನೆ. ಪಟ್ಟಿಯೂ ಒಣಗಿತ್ತು. ಆದರೆ ನನ್ನ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಕೈಗೆ ಸೋಪು ಹಾಕುವಂಥದ್ದು ಏನಿತ್ತು? ಚೀಲವನ್ನೂ ಕೆಳಗಿಡದೆ ಏಣಿ ನೋಡಲು ಹೋದೆ.