ಅಮ್ಮ ಎಷ್ಟನೆಯವಳು?

ಕಾರಿನ ವಿಮೆ ಮುಗಿಯಲು ಇನ್ನೊಂದು ವಾರವಿದ್ದಾಗ ಅಪ್ಪ ಘೋಷಿಸಿದರು: ಈ ಸಲ ಫುಲ್ ಇನ್ಶೂರೆನ್ಸ್ ಬೇಡ, ಥರ್ಡ್ ಪಾರ್ಟಿ ಸಾಕು. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಇಂಥ ಘೋಷಣೆಗಳು ಕಾಫಿಯ ಹೊತ್ತಿಗೇ ಆಗುತ್ತವೆ. ಬಾಯಲ್ಲಿ ಬಿಸಿ ಕಾಫಿ ಇದ್ದವರು ತಕ್ಷಣ ವಿರೋಧಿಸಲಾರರು.

ಅಪ್ಪನ ವಾದ ಕೆಟ್ಟದೇನಲ್ಲ. ಕಾರಿಗೆ ವಯಸ್ಸಾಗಿದೆ. ಎಡಬಾಗಿಲು ನೆಗ್ಗಿರುವುದರಿಂದಲೇ ನಾವು ಮಾರುಕಟ್ಟೆಯ ಹತ್ತಿರ ನಮ್ಮ ಗಾಡಿಯನ್ನು ಗುರುತು ಹಿಡಿಯುವುದು. ಫುಲ್ ಮಾಡಿಸಿದರೆ ನಮ್ಮ ಗಾಡಿಗಾದ ಪೆಟ್ಟಿಗೂ ಕಂಪನಿ ಕೊಡುತ್ತದೆ. ಥರ್ಡ್ ಪಾರ್ಟಿಯಾದರೆ ನಾವು ಗುದ್ದಿದವರಿಗೆ ಮಾತ್ರ. ಕಾನೂನಿಗೆ ಅಷ್ಟಿದ್ದರೆ ಸಾಕು. ವಿಮೆಯೆಂದರೆ ಭಯವನ್ನು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸುವ ವ್ಯಾಪಾರ ಎಂದು ನಂಬಿರುವ ನಾನು ಅಪ್ಪನ ಕಡೆಗೇ ಇರಬೇಕಿತ್ತು. ಆದರೆ ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೊಂದು ರೋಗವಿರುತ್ತದೆ, ಮೊದಲು ಪದದ ಅರ್ಥ ಕೇಳುವುದು.

“ಥರ್ಡ್ ಪಾರ್ಟಿ ಅಂದ್ರೆ ಯಾರಪ್ಪ?”

“ಮೂರನೆಯವರು. ನಾನು ಒಂದು, ಕಂಪನಿ ಎರಡು, ಮಿಕ್ಕ ಮೈಸೂರೆಲ್ಲ ಮೂರು.”

“ಅಮ್ಮ ಎಷ್ಟನೆಯವಳು?”

ಪ್ರತಿ ಭಾನುವಾರ ಬೋಗಾದಿಯ ಚಿಕ್ಕಮ್ಮನ ಮನೆಗೆ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತು ಹೋಗುವವಳು ಅಮ್ಮ. ಅಪ್ಪ ಪೇಪರ್ ಬಿಡಿಸಿಕೊಂಡರು. ಸಂಜೆ ವಿಮೆಯ ಏಜೆಂಟರು ಬಂದಾಗ ಅದೇ ಪ್ರಶ್ನೆಯನ್ನು ಅವರ ಮುಂದಿಟ್ಟೆ.

“ಒಳ್ಳೇ ಪ್ರಶ್ನೆ ಕಣಮ್ಮ,” ಎಂದರು. ಹಾಗೆಂದರೆ ಉತ್ತರ ಹೇಳಲು ಇಷ್ಟವಿಲ್ಲ ಎಂದರ್ಥ. ನಾನು ಬಿಡಲಿಲ್ಲ. ಕೊನೆಗೆ ಬಾಯಿಬಿಟ್ಟರು: “ಸ್ವಂತ ಕಾರಲ್ಲಿ ಕೂತಿರೋರು ಮೂರನೆಯವರ ಲೆಕ್ಕಕ್ಕೆ ಬರಲ್ಲ. ಫುಲ್ ಇದ್ರೆ ಅವರೂ ಸೇರ್ತಾರೆ. ಬರೀ ಥರ್ಡ್ ಪಾರ್ಟಿ ತಗೊಂಡ್ರೆ ಅವರಿಗೆ ಅಂತ ಬೇರೆ ಸೇರಿಸ್ಕೋಬೇಕು.”

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು.

“ಆಟೋದಲ್ಲಿ ಕೂತ್ರೆ?” ಅಮ್ಮ ಅಲ್ಲಿಂದಲೇ ಕೇಳಿದಳು.

“ಅದು ಬಾಡಿಗೆ ಗಾಡಿ. ಪ್ಯಾಸೆಂಜರ್‌ಗೂ ಸೇರಿಸೇ ಕಟ್ಟಿರ್ತಾರಮ್ಮ.”

“ನೋಡಿದ್ರಾ. ಮೀಟರ್ ಹಾಕೋನಿಗೆ ನಾನು ಲೆಕ್ಕಕ್ಕಿದೀನಿ. ತಾಳಿ ಕಟ್ಟಿದೋರಿಗೆ ಆಟಕ್ಕುಂಟು, ಲೆಕ್ಕಕ್ಕಿಲ್ಲ.”

ಅಪ್ಪ ಕನ್ನಡಕ ತೆಗೆದು ಒರೆಸಿದರು. “ನಾನು ನಲವತ್ತರ ಮೇಲೆ ಹೋಗೋದೇ ಇಲ್ಲ. ಏನೂ ಆಗಲ್ಲ ಕಣೇ.”

“ಏನೂ ಆಗಲ್ಲ ಅಂದ್ಮೇಲೆ ಮೂರನೆಯವರಿಗೆ ಯಾಕಪ್ಪ ಕಟ್ತೀರ?” ಎಂದೆ.

“ಕಟ್ದೆ ಇದ್ರೆ ಪೊಲೀಸ್ನೋರು ಹಿಡೀತಾರೆ.”

“ಅಂದ್ರೆ ಪೊಲೀಸ್ನೋರು ಕೇಳಿದ್ರೆ ಉಂಟು, ಅಮ್ಮ ಕೇಳಿದ್ರೆ ಇಲ್ಲ.”

“ಇವಳನ್ನ ಡಿಬೇಟಿಗೆ ಸೇರಿಸ್ದೋರು ಯಾರು ಅಂತ.”

“ನೀವೇ,” ಎಂದಳು ಅಮ್ಮ.

ಯೋಚನೆ ಮಾಡಿ ಹೇಳಿ ಸಾರ್ ಎಂದು ಏಜೆಂಟರು ಚಪ್ಪಲಿ ಮೆಟ್ಟಿಕೊಂಡರು. ಅಪ್ಪ ಯೋಚನೆ ಮಾಡುವ ಲಕ್ಷಣ ಕಾಣಲಿಲ್ಲ. ಭಾನುವಾರ ಬಂತು. ಕಾರು ಹೊರಗೆ ತೆಗೆದು ಅಪ್ಪ ಹಾರ್ನ್ ಮಾಡಿದರೆ, ಅಮ್ಮ ರೇಷ್ಮೆ ಸೀರೆಯಲ್ಲಿ ಬಂದು ಕಾರನ್ನು ದಾಟಿ, ತಾನೇ ಕರೆಸಿದ್ದ ಆಟೋ ಹತ್ತಿದಳು.

ನಾನು ಓಡಿದೆ. “ಅಮ್ಮ, ಹಳೇ ಪಾಲಿಸಿ ಇನ್ನೂ ಇದೆ. ಇವತ್ತು ಕೂತ್ಕೋಬಹುದು.”

“ಗೊತ್ತು ಕಣೇ. ಮುಂದಿನ ವಾರಕ್ಕೆ ಅಭ್ಯಾಸ ಮಾಡ್ಕೋತಿದೀನಿ.”

ದಾರಿಯುದ್ದಕ್ಕೂ ಆಟೋ ಮುಂದೆ, ಕಾರಿನಲ್ಲಿ ಅಪ್ಪ, ನಾನು ಹಿಂದೆ. ಆಟೋದವನೂ ನಲವತ್ತು ದಾಟಲಿಲ್ಲ, ಅಮ್ಮ ಹೇಳಿಟ್ಟಿರಬೇಕು. ಸಿಗ್ನಲ್ಲಿನಲ್ಲಿ ಅದು ತಟ್ಟನೆ ನಿಂತಿತು. ಅಪ್ಪ ಬ್ರೇಕ್ ಒತ್ತಿದ ರಭಸಕ್ಕೆ ನನ್ನ ಹಣೆ ಮುಂದಿನ ಸೀಟಿಗೆ ತಾಗಿತು. ಕಾರಿಗೂ ಆಟೋಗೂ ನಡುವೆ ಒಂದು ಗೇಣು ಉಳಿದಿತ್ತು. ಅಮ್ಮ ಆಟೋದಿಂದ ತಲೆ ಹೊರಗೆ ಹಾಕಿದಳು.

“ಹುಷಾರು ಕಣ್ರೀ. ಈಗ ನಾನು ಮೂರನೆಯವಳು.”

ಪಕ್ಕದ ಸ್ಕೂಟರಿನವರು ನಕ್ಕರು. ಅಪ್ಪ ನಗಲಿಲ್ಲ. ಒಮ್ಮೆ ಖಾಲಿಯಾಗಿದ್ದ ಎಡಗಡೆಯ ಸೀಟನ್ನು ನೋಡಿದರು, ಒಮ್ಮೆ ಆ ಒಂದು ಗೇಣನ್ನು. ನನ್ನ ಬಳಿ ಇನ್ನೂ ಎರಡು ಒಳ್ಳೆಯ ವಾದಗಳಿದ್ದವು. ಆಡಲಿಲ್ಲ.

ಚಿಕ್ಕಮ್ಮನ ಗೇಟಿನ ಮುಂದೆ ಕಾರು ನಿಲ್ಲಿಸಿ, ಇಳಿಯುವ ಮೊದಲೇ ಅಪ್ಪ ಏಜೆಂಟರಿಗೆ ಫೋನ್ ಮಾಡಿದರು.

“ಫುಲ್ಲೇ ಮಾಡ್ಬುಡಿ.”

“ಗಾಡಿಗೆ ಅಷ್ಟೊಂದು ಬೆಲೆ ಇಲ್ಲ ಅಂದಿದ್ರಲ್ಲ ಸಾರ್?”

“ಗಾಡಿಗಲ್ಲ ಕಣ್ರೀ.” ಅಮ್ಮ ಹತ್ತಿರದಲ್ಲೇ ಇದ್ದುದರಿಂದ ದನಿ ತಗ್ಗಿಸಿದರು. “ಪಕ್ಕದ ಸೀಟಿಗೆ.”

ಅಮ್ಮ ಕೇಳಿಸಿಕೊಂಡ ಹಾಗೆ ತೋರಿಸಿಕೊಳ್ಳಲಿಲ್ಲ. ಸೆರಗು ಸರಿಮಾಡಿಕೊಂಡು ಆಟೋದವನ ಕಡೆ ತಿರುಗಿದಳು.

“ಕಾಯ್ಬೇಡಪ್ಪ, ನೀನು ಹೊರಡು.”